ಬೆಳೆ ರೋಗ ನೋಡುವ ಮೈಕ್ರೋಸ್ಕೋಪ್ ಕಿಟ್: ಒಂದು ವರ್ಷ ಬಳಸಿದ ಮೇಲೆ

ಟೊಮೆಟೊ ಎಲೆ ಮೇಲೆ ಕಂದು ಚುಕ್ಕೆ ಬಂತು ಅಂದರೆ ಇಷ್ಟು ವರ್ಷ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ಮನೆಯಲ್ಲಿರುವ ಯಾವುದೋ ಶಿಲೀಂಧ್ರನಾಶಕ ಕಲಸಿ ಹೊಡೆಯುವುದು. ಕೆಲವು ಸಲ ರೋಗ ನಿಲ್ಲುತ್ತಿತ್ತು, ಕೆಲವು ಸಲ ಇಲ್ಲ. ಯಾಕೆ ನಿಂತಿತು, ಯಾಕೆ ನಿಲ್ಲಲಿಲ್ಲ ಅಂತ ಗೊತ್ತಾಗುತ್ತಲೇ ಇರಲಿಲ್ಲ. ನನಗೆ ಚುಕ್ಕೆ ಕಾಣುತ್ತಿತ್ತು, ಚುಕ್ಕೆ ಮಾಡಿದ್ದು ಯಾರು ಅಂತ ಕಾಣುತ್ತಿರಲಿಲ್ಲ.

ಈ ಕಿಟ್ ತರಿಸಿಕೊಂಡಿದ್ದು ಅದಕ್ಕಾಗಿಯೇ. ಒಂದು ವರ್ಷದಿಂದ ವಾರಕ್ಕೆ ಎರಡು ಮೂರು ಸಲವಾದರೂ ಬಳಸಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೈಕ್ರೋಸ್ಕೋಪ್‌ಗೆ ನಾಲ್ಕೂವರೆ ಕೊಡಬಹುದಿತ್ತು, ಜೊತೆಗೆ ಬಂದ ಪುಸ್ತಕದಲ್ಲಿ ಒಂದು ದೊಡ್ಡ ತಪ್ಪಿದೆ, ಅದಕ್ಕೆ ಅರ್ಧ ಹೋಯಿತು. ಅದನ್ನು ಮುಂದೆ ಹೇಳುತ್ತೇನೆ.

ಪೆಟ್ಟಿಗೆಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ಮೈಕ್ರೋಸ್ಕೋಪ್ ಇದೆ. 40, 100, 400 ಪಟ್ಟು ದೊಡ್ಡದು ಮಾಡಿ ತೋರಿಸುವ ಮೂರು ಲೆನ್ಸ್ ಇವೆ. ಮೊಬೈಲ್ ಸಿಕ್ಕಿಸುವ ಕ್ಲಿಪ್, ಖಾಲಿ ಸ್ಲೈಡುಗಳು, ಅವುಗಳ ಮೇಲೆ ಮುಚ್ಚುವ ತೆಳು ಗಾಜು, ಚಿಮಟ, ಬ್ಲೇಡು, ಒಂದು ಪುಟ್ಟ ಬಾಟಲಿ ನೀಲಿ ಬಣ್ಣ. ಮೊದಲೇ ತಯಾರು ಮಾಡಿಟ್ಟ 20 ರೋಗದ ಸ್ಲೈಡುಗಳು, 48 ಪುಟದ ಒಂದು ಪುಸ್ತಕ. ಮೊಬೈಲ್ ಕ್ಲಿಪ್ ಸಡಿಲ. ಎರಡನೇ ವಾರಕ್ಕೇ ಜಾರಲು ಶುರುವಾಯಿತು, ಈಗ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಕೆಲಸ ನಡೆಸುತ್ತಿದ್ದೇನೆ. ನೀಲಿ ಬಣ್ಣದಲ್ಲಿ ಫೀನಾಲ್ ಇದೆ, ಅದು ಚರ್ಮ ಸುಡುತ್ತದೆ. ಬಾಟಲಿ ಮೇಲೆ ಎಚ್ಚರಿಕೆ ಬರೆದಿದ್ದಾರೆ, ಆದರೆ ಕೈಗವಸು ಕೊಟ್ಟಿಲ್ಲ. ಮಕ್ಕಳಿರುವ ಮನೆಗೆ ಹೋಗುವ ಸಾಮಾನು ಇದು, ಒಂದು ಜೊತೆ ಕೈಗವಸು ಇಡಲೇಬೇಕಿತ್ತು.

ಮೊದಲ ದಿನ ನೋಡಿದ್ದು ಸೌತೆ ಎಲೆಯ ಬೂದಿ ರೋಗ. ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಇರುತ್ತದಲ್ಲ, ಅದು. ಪಾರದರ್ಶಕ ಟೇಪನ್ನು ಆ ಬಿಳಿ ಜಾಗಕ್ಕೆ ಮೆಲ್ಲಗೆ ಒತ್ತಿ ತೆಗೆದು, ಸ್ಲೈಡ್ ಮೇಲೆ ಒಂದು ಹನಿ ನೀಲಿ ಬಣ್ಣ ಹಾಕಿ, ಅದರ ಮೇಲೆ ಟೇಪ್ ಅಂಟಿಸಿದೆ. ಇಷ್ಟು ಸುಲಭದ ಕೆಲಸ. 100ರಲ್ಲಿ ಇಟ್ಟು ನೋಡಿದರೆ ಹಿಟ್ಟು ಅಂದುಕೊಂಡಿದ್ದೆಲ್ಲ ಸಾಲುಸಾಲು ಮಣಿಸರ. ಒಂದೊಂದು ಮಣಿಯೂ ಒಂದು ಬೀಜಕಣ. ತುದಿಯ ಮಣಿ ಬಲಿತು ಉದುರಿ ಗಾಳಿಗೆ ಹೋಗುತ್ತದೆ, ಕೆಳಗೆ ಹೊಸದು ಹುಟ್ಟುತ್ತಲೇ ಇರುತ್ತದೆ. ಬಹಳ ಶಿಲೀಂಧ್ರಗಳ ಬೀಜಕಣ ಮೊಳೆಯಬೇಕಾದರೆ ಎಲೆ ಒದ್ದೆಯಾಗಿರಬೇಕು. ಬೂದಿ ರೋಗದ್ದು ಹಾಗಲ್ಲ, ಅದಕ್ಕೆ ಎಲೆ ಮೇಲೆ ನೀರು ನಿಲ್ಲಬೇಕಾಗಿಲ್ಲ. ಮಳೆಯಿಲ್ಲದ ದಿನಗಳಲ್ಲೂ ಈ ರೋಗ ಯಾಕೆ ಹಬ್ಬುತ್ತದೆ ಅಂತ ಅವತ್ತು ಅರ್ಥವಾಯಿತು.

ಆಮೇಲೆ ಎಲೆಯ ಮೇಲಿನ ಸಿಪ್ಪೆಯನ್ನೇ ಚಿಮಟದಲ್ಲಿ ಎಳೆದು ತೆಗೆದು ನೋಡಿದೆ. ಇದಕ್ಕೆ ತಾಳ್ಮೆ ಬೇಕು, ನನಗೆ ಏಳನೇ ಪ್ರಯತ್ನಕ್ಕೆ ಬಂತು. ಶಿಲೀಂಧ್ರದ ದಾರಗಳು ಎಲೆಯ ಮೇಲೆಯೇ ಹರಡಿರುತ್ತವೆ, ಒಳಗೆ ಹೋಗಿರುವುದಿಲ್ಲ. ಆದರೆ ಅಲ್ಲಲ್ಲಿ ಸಿಪ್ಪೆಯ ಜೀವಕೋಶದ ಒಳಗೆ ಒಂದು ಗಾಢ ನೀಲಿ ಗಂಟು ಕಾಣುತ್ತದೆ. ಹಾಸ್ಟೋರಿಯಂ ಅಂತ ಅದಕ್ಕೆ ಹೆಸರು, ಹೀರುವ ಬೇರು ಅನ್ನಬಹುದು. ಅದು ಕೋಶದ ಗೋಡೆ ತೂತು ಮಾಡುತ್ತದೆ, ಆದರೆ ಒಳಗಿನ ತೆಳು ಪೊರೆಯನ್ನು ಹರಿಯುವುದಿಲ್ಲ. ಬಲೂನಿಗೆ ಬೆರಳು ಒತ್ತಿದರೆ ರಬ್ಬರು ಬೆರಳಿನ ಸುತ್ತ ಒಳಕ್ಕೆ ಹೋಗುತ್ತದಲ್ಲ, ಹಾಗೆ ಪೊರೆಯನ್ನು ಒಳಗೆ ತಳ್ಳಿ ಕೂರುತ್ತದೆ. ಕೋಶ ಸಾಯುವುದಿಲ್ಲ. ಸತ್ತರೆ ಈ ಶಿಲೀಂಧ್ರಕ್ಕೂ ಊಟ ಇಲ್ಲ. ಅದಕ್ಕೇ ಬೂದಿ ರೋಗ ಬಂದ ಎಲೆ ಬಹಳ ದಿನ ಹಸಿರಾಗಿಯೇ ಇದ್ದು, ನಿಧಾನಕ್ಕೆ ಬಡವಾಗುತ್ತದೆ.

ಪುಸ್ತಕದ ಒಳ್ಳೆಯ ಅಧ್ಯಾಯ ಇರುವುದು ಇಲ್ಲೇ. ರೋಗ ತರುವ ಜೀವಿಗಳಲ್ಲಿ ಎರಡು ಬದುಕು ಅಂತ ಹೇಳುತ್ತದೆ. ಒಂದು, ಗಿಡವನ್ನು ಜೀವಂತ ಇಟ್ಟುಕೊಂಡೇ ತಿನ್ನುವಂಥದ್ದು. ಬೂದಿ ರೋಗ, ತುಕ್ಕು ರೋಗ ಈ ಗುಂಪು. ಇನ್ನೊಂದು, ಮೊದಲು ಕೊಂದು ಆಮೇಲೆ ತಿನ್ನುವಂಥದ್ದು. ಹೂವು ಹಣ್ಣುಗಳ ಮೇಲೆ ಬರುವ ಬೂದು ಬಣ್ಣದ ಬೂಷ್ಟು, ಬೊಟ್ರೈಟಿಸ್, ಇದಕ್ಕೆ ಉದಾಹರಣೆ. ಅದು ವಿಷ ಮತ್ತು ಎಂಜೈಮ್ ಬಿಡುತ್ತದೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಅನ್ನುವ ಅಂಟನ್ನು ಆ ಎಂಜೈಮ್‌ಗಳು ಕರಗಿಸುತ್ತವೆ, ಅದಕ್ಕೇ ಹಣ್ಣು ಮುಟ್ಟಿದರೆ ಪಿಚಕ್ ಅನ್ನುತ್ತದೆ. ಗಿಡಕ್ಕೆ ಒಂದು ರಕ್ಷಣೆ ಇದೆ: ಶತ್ರು ಹೊಕ್ಕ ಜಾಗದ ಕೋಶಗಳು ತಾವೇ ಸತ್ತು ಬೇಲಿ ಹಾಕುತ್ತವೆ. ಎಲೆ ಮೇಲೆ ಸೂಜಿ ಮೊನೆಯಷ್ಟು ಒಣ ಚುಕ್ಕೆ ಬಂದು ಅಲ್ಲಿಗೇ ನಿಂತಿದ್ದರೆ ಗಿಡ ಗೆದ್ದಿರಬಹುದು. ಜೀವಂತ ಕೋಶ ಬೇಕಾದ ತುಕ್ಕು ಅಲ್ಲಿ ಹಸಿದು ಸಾಯುತ್ತದೆ. ಆದರೆ ಬೊಟ್ರೈಟಿಸ್‌ಗೆ ಸತ್ತ ಕೋಶವೇ ಊಟ. ಅದೇ ರಕ್ಷಣೆ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ. ಈ ಎರಡು ಪುಟವನ್ನು ನಾನು ಮೂರು ಸಲ ಓದಿದೆ.

ಈಗ ಆ ತಪ್ಪಿನ ವಿಷಯ.

ತಂಪು ಹವೆ, ಮೂರು ದಿನ ಬಿಡದೆ ಜಿಟಿಜಿಟಿ ಮಳೆ. ಆಲೂಗಡ್ಡೆ ಎಲೆಗಳ ಅಂಚಿನಲ್ಲಿ ನೀರು ಕುಡಿದ ಹಾಗೆ ಕಡು ಹಸಿರು ಮಚ್ಚೆ ಬಂತು, ಮಾರನೇ ದಿನ ಅದು ಕಂದು. ಒಂದು ಎಲೆ ಕಿತ್ತು, ಮುಚ್ಚಳ ಇರುವ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ, ಎಲೆಯನ್ನು ಬೋರಲು ಇಟ್ಟೆ. ಬೆಳಿಗ್ಗೆ ನೋಡಿದರೆ ಮಚ್ಚೆಯ ಅಂಚಿಗೆ ಬೆಳ್ಳನೆಯ ನವಿರು ಬೂಷ್ಟು. ಪತ್ರರಂಧ್ರಗಳಿಂದ, ಅಂದರೆ ಎಲೆ ಉಸಿರಾಡುವ ಸಣ್ಣ ಬಾಯಿಗಳಿಂದ, ಪುಟ್ಟ ಪೊದೆಗಳ ಹಾಗೆ ಕವಲುಗಳು ಹೊರಗೆ ಬಂದಿದ್ದವು. ಕವಲಿನ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚೀಲಗಳು. ಒಂದೊಂದೂ ಸುಮಾರು 30 ಮೈಕ್ರಾನ್ ಉದ್ದ. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಇದು ಅಂಗಮಾರಿ, ಫೈಟಾಫ್ತೊರಾ ಇನ್‌ಫೆಸ್ಟನ್ಸ್.

ಆ ಚೀಲಗಳನ್ನು ಒಂದು ಹನಿ ತಣ್ಣೀರಿಗೆ ಅಲುಗಾಡಿಸಿ, ಬಣ್ಣ ಹಾಕದೆ, ಮುಚ್ಚಿ ಫ್ರಿಜ್‌ನಲ್ಲಿ ಒಂದೂವರೆ ಗಂಟೆ ಇಟ್ಟೆವು. 12 ಡಿಗ್ರಿ ಆಸುಪಾಸಿನ ತಂಪು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹೊರಗೆ ತೆಗೆದು 400ರಲ್ಲಿ ಇಟ್ಟು ನಾನು ಫೋಕಸ್ ಮಾಡುತ್ತಿದ್ದೆ, ಮಗಳು ಮೊಬೈಲ್ ಪರದೆ ನೋಡುತ್ತಿದ್ದಳು.

"ಅಮ್ಮಾ, ಒಳಗೆ ಏನೋ ಕುದೀತಿದೆ."

ನಾನೂ ಬಗ್ಗಿ ನೋಡಿದೆ. ಚೀಲದೊಳಗಿನ ಬೂದು ರಾಶಿ ಆರೇಳು ಉಂಡೆಗಳಾಗಿ ಒಡೆದಿತ್ತು. ಉಂಡೆಗಳು ಒಂದನ್ನೊಂದು ತಳ್ಳುತ್ತಿದ್ದವು. ಚೀಲದ ಮೂತಿ ಥಟ್ಟನೆ ತೆರೆಯಿತು. ಒಂದಾದ ಮೇಲೆ ಒಂದು ಹೊರಗೆ ನುಸುಳಿ, ಒಂದು ಕ್ಷಣ ತಡೆದು, ಆಮೇಲೆ ಗಿರಗಿರ ತಿರುಗುತ್ತಾ ಈಜಿಕೊಂಡು ಹೋದವು. ಖಾಲಿ ಚೀಲ ಮಾತ್ರ ಉಳಿಯಿತು. ಪ್ರತಿಯೊಂದಕ್ಕೂ ಎರಡು ಬಾಲ ಇರುತ್ತವೆ, ನಮ್ಮ ಲೆನ್ಸ್‌ಗೆ ಬಾಲ ಸ್ಪಷ್ಟವಾಗಿ ಸಿಗಲಿಲ್ಲ, ಓಟ ಮಾತ್ರ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಕೆಲವು ನಿಧಾನವಾದವು. ನಿಂತವು. ಗುಂಡಗಾದವು. ಬಾಲ ಕಳಚಿ, ಸುತ್ತ ಒಂದು ಗೋಡೆ ಕಟ್ಟಿಕೊಳ್ಳುವ ಹಂತ ಅದು. ಎಲೆ ಮೇಲೆ ಆಗಿದ್ದರೆ ಅಲ್ಲಿಂದ ಒಂದು ಮೊಳಕೆ ಹೊರಟು ಎಲೆಯೊಳಗೆ ಇಳಿಯುತ್ತಿತ್ತು.

"ಒಂದು ಹನಿ ನೀರಲ್ಲಿ ಇಷ್ಟೊಂದಾ?" ಅಂದಳು. ನನಗೂ ಅದೇ ಅನ್ನಿಸಿತು. ಎಲೆ ಮೇಲೆ ರಾತ್ರಿಯಿಡೀ ನಿಲ್ಲುವ ನೀರು ಅಂದರೆ ಇವಕ್ಕೆ ಕೆರೆ. ಅವತ್ತಿನಿಂದ ಸಂಜೆ ಹೊತ್ತು ಗಿಡದ ತಲೆ ಮೇಲೆ ನೀರು ಹಾಕುವುದನ್ನು ನಿಲ್ಲಿಸಿದೆ. ಬೆಳಿಗ್ಗೆ, ಬುಡಕ್ಕೆ ಮಾತ್ರ. ಸಾಲಿನ ಅಂತರವನ್ನೂ ಜಾಸ್ತಿ ಮಾಡಿದೆ, ಎಲೆ ಬೇಗ ಆರಲಿ ಅಂತ.

ಪುಸ್ತಕ ಈ ಜೀವಿಯನ್ನು ಶಿಲೀಂಧ್ರ ಅಂತ ಬರೆದಿದೆ. ಒಂದಲ್ಲ, ನಾಲ್ಕು ಕಡೆ. ಇದು ಶಿಲೀಂಧ್ರ ಅಲ್ಲ, ಊಮೈಸೀಟ್ ಅನ್ನುವ ಬೇರೆಯೇ ಗುಂಪು. ನೋಡಲು ಬೂಷ್ಟಿನ ಹಾಗೆ ದಾರ ದಾರವಾಗಿ ಬೆಳೆಯುತ್ತದೆ, ಆದರೆ ಸಂಬಂಧದಲ್ಲಿ ಕಂದು ಪಾಚಿಗಳಿಗೆ ಹತ್ತಿರ. ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ, ಇದರ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್ ಮತ್ತು ಅದರ ಬಳಗದ ವಸ್ತುಗಳು. ಹೆಸರಲ್ಲೇನಿದೆ ಅನ್ನಬೇಡಿ. ಟ್ರಯಜೋಲ್ ಗುಂಪಿನ ಔಷಧಿಗಳು ಕೆಲಸ ಮಾಡುವುದು ಶಿಲೀಂಧ್ರ ತನ್ನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸುವುದನ್ನು ತಡೆದು. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿ ಏನು ಬಂತು? ನಾನು ಹಿಂದೆ ಹೊಡೆದ ಔಷಧಿ ಯಾಕೆ ನಿಲ್ಲಿಸಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇತ್ತು. ಬೂದಿ ರೋಗಕ್ಕೆ ಕೆಲಸ ಮಾಡಿದ ಅದೇ ಡಬ್ಬಿಯನ್ನು ಅಂಗಮಾರಿಗೂ ಹೊಡೆದಿದ್ದೆ. ಈ ಕಿಟ್ ಕೊಳ್ಳುವವರು ಹೆಚ್ಚಾಗಿ ಬೆಳೆ ಬೆಳೆಯುವವರು. ಅವರಿಗೆ ಈ ಒಂದು ಪದ ತಪ್ಪಿದರೆ ಒಂದು ಬೆಳೆಯೇ ತಪ್ಪುತ್ತದೆ.

ಇತಿಹಾಸದ ಪುಟವನ್ನು ಮಾತ್ರ ಚೆನ್ನಾಗಿ ಬರೆದಿದ್ದಾರೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಈ ರೋಗ ಬಿತ್ತು. ಆಮೇಲಿನ ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಗ ಬಹಳ ಪಂಡಿತರು ನಂಬಿದ್ದು ಗಿಡ ಕೊಳೆತಿದ್ದರಿಂದ ಬೂಷ್ಟು ಬಂತು ಅಂತ. ಮೈಲ್ಸ್ ಬರ್ಕ್ಲಿ ಅನ್ನುವ ಪಾದ್ರಿ ಅದನ್ನು ತಿರುಗಿಸಿ ಹೇಳಿದರು: ಬೂಷ್ಟು ಬಂದಿದ್ದರಿಂದಲೇ ಗಿಡ ಕೊಳೆತಿದೆ. 1861ರಲ್ಲಿ ಆಂಟನ್ ಡಿ ಬಾರಿ ಪ್ರಯೋಗ ಮಾಡಿ ಅದನ್ನು ಸಾಬೀತು ಮಾಡಿದರು. 1876ರಲ್ಲಿ ಇಟ್ಟ ಫೈಟಾಫ್ತೊರಾ ಅನ್ನುವ ಹೆಸರಿನ ಅರ್ಥ ಗಿಡನಾಶಿ. ಲೂಯಿ ಪ್ಯಾಶ್ಚರ್, ರಾಬರ್ಟ್ ಕಾಕ್ ಇವರೆಲ್ಲ ಮನುಷ್ಯರ, ಪ್ರಾಣಿಗಳ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಅಂತ ತೋರಿಸುವ ಮೊದಲೇ ಒಂದು ಆಲೂಗಡ್ಡೆ ಎಲೆ ಅದನ್ನು ಹೇಳಿತ್ತು. ಇದನ್ನು ಓದಿ ನನಗೆ ತುಂಬಾ ಖುಷಿಯಾಯಿತು.

ಸಿದ್ಧ ಸ್ಲೈಡುಗಳಲ್ಲಿ ನನ್ನ ಮೆಚ್ಚಿನದು 6ನೇ ನಂಬರಿನದು, ಭತ್ತದ ಬೆಂಕಿ ರೋಗ. ಎಲೆಯ ಬದಲು ಈರುಳ್ಳಿ ಸಿಪ್ಪೆ ಮೇಲೆ ಬೀಜಕಣಗಳನ್ನು ಮೊಳೆಯಿಸಿ ಸ್ಲೈಡ್ ಮಾಡಿದ್ದಾರೆ. ಒಳ್ಳೆಯ ಯೋಚನೆ, ಸಿಪ್ಪೆ ಪಾರದರ್ಶಕ, ಎಲ್ಲ ಕಾಣುತ್ತದೆ. ಪಿಯರ್ ಹಣ್ಣಿನ ಆಕಾರದ, ಮೂರು ಕೋಣೆಯ ಬೀಜಕಣ. ಅದರಿಂದ ಒಂದು ಸಣ್ಣ ಮೊಳಕೆ. ಮೊಳಕೆಯ ತುದಿಯಲ್ಲಿ ಕಪ್ಪಗೆ, ಗುಂಡಗೆ ಒಂದು ಗುಮ್ಮಟ. ಆ ಗುಮ್ಮಟಕ್ಕೆ ಅಪ್ರೆಸೋರಿಯಂ ಅನ್ನುತ್ತಾರೆ. ಒಳಗೆ ಗ್ಲಿಸರಾಲ್ ತುಂಬಿಕೊಂಡು ಅದು ನೀರನ್ನು ಒಳಕ್ಕೆ ಎಳೆಯುತ್ತದೆ. ಗೋಡೆಯಲ್ಲಿರುವ ಮೆಲನಿನ್, ಅದೇ ಆ ಕಪ್ಪು ಬಣ್ಣ, ಗ್ಲಿಸರಾಲ್ ಹೊರಗೆ ಸೋರದಂತೆ ತಡೆಯುತ್ತದೆ. ಒತ್ತಡ 8 ಮೆಗಾಪ್ಯಾಸ್ಕಲ್‌ವರೆಗೆ ಏರುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು 40 ಪಟ್ಟು! ಆ ಒತ್ತಡದಲ್ಲಿ ತಳದಿಂದ ಒಂದು ತೆಳು ಮೊಳೆ ಹೊರಟು ಭತ್ತದ ಗಟ್ಟಿ ಎಲೆಯನ್ನು ಚುಚ್ಚಿ ಒಳಗೆ ಹೋಗುತ್ತದೆ. ಮೆಲನಿನ್ ಆಗದಂತೆ ಮಾಡಿದರೆ ಗುಮ್ಮಟಕ್ಕೆ ಒತ್ತಡ ಹಿಡಿಯಲು ಆಗುವುದಿಲ್ಲ, ಹಾಗಾಗಿ ಮೆಲನಿನ್ ತಡೆಯುವ ಔಷಧಿಗಳೇ ಈ ರೋಗಕ್ಕೆ ಇವೆ. ಸ್ಲೈಡ್‌ನಲ್ಲಿ ಆ ಕಪ್ಪು ಚುಕ್ಕಿ ನೋಡುತ್ತಾ ಈ ಸಾಲುಗಳನ್ನು ಓದಬೇಕು. ಬರೀ ಓದಿದರೆ ಇಷ್ಟು ತಲೆಗೆ ಇಳಿಯುವುದಿಲ್ಲ.

ಗೋಧಿ ತುಕ್ಕಿನ ಸ್ಲೈಡ್ ಕೂಡ ಚೆನ್ನಾಗಿದೆ. ಕಾಂಡದ ಸಿಪ್ಪೆಯನ್ನು ಒಳಗಿನಿಂದ ಸೀಳಿಕೊಂಡು ಕಿತ್ತಳೆ ಬಣ್ಣದ ಬೀಜಕಣಗಳು ಹೊರಗೆ ಬಂದಿರುವುದು ಅಡ್ಡ ಸೀಳಿನಲ್ಲಿ ಕಾಣುತ್ತದೆ. ಈ ಬೀಜಕಣದ ಮೊಳಕೆ ಭತ್ತದ ಶಿಲೀಂಧ್ರದ ಹಾಗೆ ಗೋಡೆ ಒಡೆಯುವುದಿಲ್ಲ, ತೆರೆದ ಬಾಗಿಲು ಹುಡುಕುತ್ತದೆ. ಹುರುಳಿಕಾಯಿ ಗಿಡದ ತುಕ್ಕಿನಲ್ಲಿ ಇದನ್ನು ವಿಜ್ಞಾನಿಗಳು ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ಪತ್ರರಂಧ್ರದ ಅಂಚಿನಲ್ಲಿ ಸುಮಾರು ಅರ್ಧ ಮೈಕ್ರಾನ್ ಎತ್ತರದ ಒಂದು ದಿಣ್ಣೆ ಇರುತ್ತದೆ. ಮೊಳಕೆ ಅದನ್ನು ಬರೀ ತಡವಿ ಗುರುತು ಹಿಡಿಯುತ್ತದೆ. ಅಷ್ಟೇ ಎತ್ತರದ ಗೆರೆ ಇರುವ ಪ್ಲಾಸ್ಟಿಕ್ ಮೇಲೆ ಬಿಟ್ಟರೂ ಬಾಗಿಲು ಸಿಕ್ಕಿತು ಅಂತ ಅಲ್ಲೇ ನಿಂತು ಅಪ್ರೆಸೋರಿಯಂ ಕಟ್ಟುತ್ತದೆ. ಕತ್ತಲಲ್ಲಿ ಗೋಡೆ ತಡವಿಕೊಂಡು ಬಾಗಿಲು ಹುಡುಕುವ ಹಾಗೆ ಅಲ್ವಾ?

ರೋಗ ತಡೆಯುವ ತಳಿ ಕೆಲವು ವರ್ಷಕ್ಕೆ ಯಾಕೆ ಸೋಲುತ್ತದೆ ಅನ್ನುವುದರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಇದು ಕೊರತೆಯೇ. 1940ರ ದಶಕದಲ್ಲಿ ಹೆರಾಲ್ಡ್ ಫ್ಲೋರ್ ಅಗಸೆ ಗಿಡದ ತುಕ್ಕಿನ ಮೇಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ. ಗಿಡದ ಒಂದು ಜೀನ್ ಶಿಲೀಂಧ್ರದ ಒಂದು ಗುರುತನ್ನು ಹಿಡಿಯುತ್ತದೆ. ಶಿಲೀಂಧ್ರ ಆ ಒಂದು ಗುರುತನ್ನು ಬದಲಾಯಿಸಿಕೊಂಡರೆ ಸಾಕು, ಕಾವಲು ದಾಟುತ್ತದೆ. ಗೋಧಿಯ ಎಸ್‌ಆರ್31 ಅನ್ನುವ ಜೀನ್ ಬಹಳ ವರ್ಷ ಕಾಂಡದ ತುಕ್ಕನ್ನು ತಡೆದಿತ್ತು. 1998ರಲ್ಲಿ ಉಗಾಂಡಾದಲ್ಲಿ ಸಿಕ್ಕಿದ, ಮುಂದೆ ಯುಜಿ99 ಅಂತ ಹೆಸರಾದ ತುಕ್ಕು ಅದನ್ನು ದಾಟಿತು. ಎರಡು ಪ್ಯಾರಾ ಸಾಕಿತ್ತು, ಬರೆಯಬಹುದಿತ್ತು.

ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಅದರ ವಿಷಯಕ್ಕೆ ಬಂದರೆ ಈ ಕಿಟ್‌ನ ಮಿತಿ ಗೊತ್ತಾಗುತ್ತದೆ, ಬಲವೂ ಗೊತ್ತಾಗುತ್ತದೆ. ದುಂಡಾಣು ಒಂದೆರಡು ಮೈಕ್ರಾನ್ ಉದ್ದ ಅಷ್ಟೇ. 400ರಲ್ಲಿ ಧೂಳಿನ ಕಣ ನಡುಗಿದ ಹಾಗೆ ಕಾಣುತ್ತದೆ, ಯಾವ ದುಂಡಾಣು ಅಂತ ಹೇಳಲು ಆಗುವುದಿಲ್ಲ. ಆದರೆ ಸೊರಗು ರೋಗದಲ್ಲಿ ಅದು ತನ್ನನ್ನು ಬೇರೆ ರೀತಿಯಲ್ಲಿ ತೋರಿಸಿಕೊಳ್ಳುತ್ತದೆ.

ನನ್ನ ಟೊಮೆಟೊ ಸಾಲಿನಲ್ಲಿ ಹಿಂದಿನ ಸಲ 11 ಗಿಡ ಸೊರಗಿ ಹೋದವು. ಮಧ್ಯಾಹ್ನ ಬಾಡುವುದು, ರಾತ್ರಿ ಸುಧಾರಿಸಿದ ಹಾಗೆ ಕಾಣುವುದು, ನಾಲ್ಕನೇ ದಿನಕ್ಕೆ ಎಲೆ ಹಸಿರಾಗಿ ಇರುವಾಗಲೇ ಗಿಡ ಜೋತು ಬೀಳುವುದು. ಕಿಟ್ ಬಂದ ಹೊಸದು. ಬುಡದ ಒಣ ಎಲೆಯನ್ನು ನೋಡಿದೆ, ಕಪ್ಪು ಬೀಜಕಣಗಳು ಕಂಡವು. ಶಿಲೀಂಧ್ರ ಅಂತ ತೀರ್ಮಾನ ಮಾಡಿ ಔಷಧಿ ಹೊಡೆದೆ. ಏನೂ ಆಗಲಿಲ್ಲ. ಸತ್ತ ಎಲೆ ಮೇಲೆ ಹತ್ತಾರು ಶಿಲೀಂಧ್ರ ಸುಮ್ನೆ ಬಂದು ಕೂರುತ್ತವೆ, ಅವು ಕೊಂದವಲ್ಲ, ಉಳಿದದ್ದನ್ನು ತಿನ್ನಲು ಬಂದವು. ಯಾವಾಗಲೂ ನೋಡಬೇಕಾದದ್ದು ಮಚ್ಚೆಯ ಅಂಚು, ಹಸಿರು ಕಂದು ಸೇರುವ ಗೆರೆ. ರೋಗ ಮುಂದೆ ಹೋಗುತ್ತಿರುವುದು ಅಲ್ಲಿ. ಪುಸ್ತಕದಲ್ಲಿ ಈ ಮಾತು 41ನೇ ಪುಟದಲ್ಲಿದೆ, ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಿತ್ತು.

12ನೇ ಗಿಡ ಬಾಡಿದಾಗ ಪುಸ್ತಕ ಹೇಳಿದ ಹಾಗೆ ಮಾಡಿದೆ. ಬುಡದ ಹತ್ತಿರ ಕಾಂಡ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮಾತ್ರ ಮುಳುಗುವ ಹಾಗೆ ತೂಗು ಹಾಕಿದೆ. ಅಲುಗಾಡಿಸಬಾರದು. ಎರಡು ನಿಮಿಷ ಆಗುವಷ್ಟರಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಗಳು ಇಳಿಯಲು ಶುರುವಾದವು. ಸಣ್ಣ ದಾರದ ಹಾಗೆ, ನೇರವಾಗಿ ಕೆಳಗೆ. ಅದು ದುಂಡಾಣು ರಾಶಿ, ರಾಲ್‌ಸ್ಟೋನಿಯಾ. ಆಮೇಲೆ ಅದೇ ಕಾಂಡದ ತೆಳು ಬಿಲ್ಲೆ ಕೊಯ್ದು ಒಂದು ಹನಿ ನೀರಲ್ಲಿಟ್ಟು 100ರಲ್ಲಿ ನೋಡಿದರೆ ನೀರು ಸಾಗಿಸುವ ಕೊಳವೆಗಳ ಬಾಯಿಂದ ಮೋಡ ಬಂದ ಹಾಗೆ ಹರಿಯುತ್ತಿತ್ತು.

ಇದು ಬೇರಿನ ಗಾಯದಿಂದ ಒಳಗೆ ಬರುತ್ತದೆ, ನೀರಿನ ಕೊಳವೆ ಸೇರುತ್ತದೆ, ಅಲ್ಲಿ ಹೆಚ್ಚಿಕೊಂಡು ಲೋಳೆ ಸುರಿಸುತ್ತದೆ. ಕೊಳವೆ ಕಟ್ಟಿಕೊಳ್ಳುತ್ತದೆ. ಮಣ್ಣಲ್ಲಿ ನೀರಿದೆ, ಬೇರೂ ಇದೆ, ಎಲೆಗೆ ಮಾತ್ರ ನೀರು ಮುಟ್ಟುವುದಿಲ್ಲ. ಎಲೆ ಮೇಲೆ ಏನು ಹೊಡೆದರೇನು? ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಸೊರಗು ರೋಗವೂ ಕೊಳವೆಯನ್ನೇ ಹಿಡಿಯುತ್ತದೆ, ಆದರೆ ಅದರಲ್ಲಿ ಎಲೆ ಮೊದಲು ಹಳದಿಯಾಗುತ್ತದೆ, ಬಹಳ ಸಲ ಒಂದೇ ಪಕ್ಕಕ್ಕೆ, ಮತ್ತು ಲೋಟದಲ್ಲಿ ಹಾಲಿನ ಎಳೆ ಇಳಿಯುವುದಿಲ್ಲ. ಮೈಕ್ರೋಸ್ಕೋಪೇ ಬೇಡದ ಈ ಲೋಟದ ಪರೀಕ್ಷೆ ಒಂದಕ್ಕೇ ನಾನು ಪುಸ್ತಕಕ್ಕೆ ಋಣಿ. ಗಿಡಗಳನ್ನು ಬೇರು ಸಮೇತ ಕಿತ್ತು ದೂರ ಹಾಕಿದೆ, ಆ ಜಾಗದಲ್ಲಿ ಬಳಸಿದ ಕುಡುಗೋಲು, ಗುದ್ದಲಿ ತೊಳೆಯದೆ ಬೇರೆ ಕಡೆ ಒಯ್ಯುವುದನ್ನು ಬಿಟ್ಟೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ, ಎಲ್ಲಕ್ಕೂ ಇದು ಬರುತ್ತದೆ. ಅಲ್ಲಿ ಈಗ ಮೆಕ್ಕೆಜೋಳ ಇದೆ.

ದುಂಡಾಣು ಎಲೆಯೊಳಗೆ ಮಾಡುವ ಉಳಿದ ಕೆಲಸಗಳು ಯಾವ ಸ್ಲೈಡಿನಲ್ಲೂ ಕಾಣುವುದಿಲ್ಲ, ಅವನ್ನು ಓದಿಯೇ ತಿಳಿಯಬೇಕು. ಪುಸ್ತಕದ ವಿವರಣೆ ಸರಳವಾಗಿದೆ. ದುಂಡಾಣುವಿಗೆ ಗೋಡೆ ಚುಚ್ಚುವ ಶಕ್ತಿ ಇಲ್ಲ, ಪತ್ರರಂಧ್ರವೋ ಗಾಯವೋ ಬೇಕು. ಅದರ ಬಾಲದ ಪ್ರೋಟೀನನ್ನು ಗಿಡ ಗುರುತು ಹಿಡಿದು ಬಾಗಿಲು ಮುಚ್ಚುತ್ತದೆ. ಸ್ಯೂಡೋಮೋನಾಸ್ ಸಿರಿಂಜೆಯ ಕೆಲವು ತಳಿಗಳು ಕೊರೊನಾಟಿನ್ ಅನ್ನುವ ವಿಷ ಬಿಟ್ಟು ಆ ಬಾಗಿಲನ್ನು ಮತ್ತೆ ತೆರೆಸುತ್ತವೆ! ಒಳಗೆ ಹೋದ ಮೇಲೆ ಸೂಜಿಯಂಥ ಕೊಳವೆಯಿಂದ ತಮ್ಮ ಪ್ರೋಟೀನುಗಳನ್ನು ಗಿಡದ ಕೋಶಕ್ಕೇ ಚುಚ್ಚಿ, ಗಿಡದ ಎಚ್ಚರಿಕೆ ಗಂಟೆ ಬಾರಿಸದಂತೆ ಮಾಡುತ್ತವೆ. ಭತ್ತದ ಎಲೆ ಅಂಗಮಾರಿ ತರುವ ಜಾಂಥೋಮೋನಾಸ್ ಇನ್ನೂ ಮುಂದೆ ಹೋಗುತ್ತದೆ. ಅದು ಚುಚ್ಚಿದ ಪ್ರೋಟೀನು ಕೋಶದ ನ್ಯೂಕ್ಲಿಯಸ್ ಸೇರಿ, ಸಕ್ಕರೆ ಹೊರಗೆ ಬಿಡುವ ಜೀನನ್ನು ಹೊತ್ತಿಸುತ್ತದೆ. ಗಿಡದ ಕೈಯಿಂದಲೇ ಬಡಿಸಿಕೊಂಡು ಉಣ್ಣುತ್ತದೆ.

18ನೇ ಸ್ಲೈಡ್ ಬಗ್ಗೆ ಒಂದು ಆಕ್ಷೇಪ. ಚೀಟಿಯಲ್ಲಿ "ತಂಬಾಕು ಮೊಸಾಯಿಕ್ ವೈರಸ್" ಅಂತ ಬರೆದಿದ್ದಾರೆ. ಅದರಲ್ಲಿರುವುದು ರೋಗ ಬಂದ ಎಲೆಯ ಸೀಳು, ವೈರಸ್ ಅಲ್ಲ. ಈ ವೈರಸ್ಸಿನ ಒಂದು ಕಣ 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಕಡ್ಡಿ. ಬೆಳಕಿನ ಮೈಕ್ರೋಸ್ಕೋಪಿಗೆ ಅದು ಸಿಗುವುದಿಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಮಗಳು ಅರ್ಧ ಗಂಟೆ ಆ ಸ್ಲೈಡಿನಲ್ಲಿ ವೈರಸ್ ಹುಡುಕಿದಳು. ಚೀಟಿ ಸರಿಯಾಗಿ ಬರೆದಿದ್ದರೆ ಅವಳಿಗೆ ನಿರಾಸೆ ಆಗುತ್ತಿರಲಿಲ್ಲ. 1892ರಲ್ಲಿ ಇವನೋವ್‌ಸ್ಕಿ ರೋಗದ ಎಲೆಯ ರಸವನ್ನು ದುಂಡಾಣು ದಾಟದ ಸೋಸುಕದಲ್ಲಿ ಸೋಸಿದರೂ ರಸ ರೋಗ ಹರಡಿತು, 1898ರಲ್ಲಿ ಬೈಯರಿಂಕ್ ಇದು ಬೇರೆಯೇ ಥರದ ರೋಗಕಾರಕ ಅಂದರು. ಕಣ್ಣಿಗೆ ಕಾಣದೆಯೇ ಕಂಡುಹಿಡಿದ ಕಥೆ. ಅದನ್ನಾದರೂ ಚೀಟಿಯ ಹಿಂದೆ ಬರೆಯಬಹುದಿತ್ತು. ವೈರಸ್ ವಿಷಯದಲ್ಲಿ ಈ ಕಿಟ್‌ನಿಂದ ಸಿಗುವ ಉಪಯೋಗ ಒಂದೇ: 40ರ ಲೆನ್ಸ್‌ನಲ್ಲಿ ಎಲೆ ಹಿಂಭಾಗ ನೋಡಿದರೆ ಬಿಳಿ ನೊಣದ ಮರಿಗಳು, ಸಸ್ಯಹೇನುಗಳು ಚೆನ್ನಾಗಿ ಕಾಣುತ್ತವೆ. ಟೊಮೆಟೊ ಎಲೆ ಮುಟುರು ರೋಗ ಹೊತ್ತು ತರುವುದು ಆ ಬಿಳಿ ನೊಣವೇ.

ಯಾರು ತಗೊಳ್ಳಬಹುದು? ತರಕಾರಿ ಬೆಳೆಯುವವರು, ಜೀವಶಾಸ್ತ್ರ ಕಲಿಸುವ ಮೇಷ್ಟ್ರುಗಳು, ಹೈಸ್ಕೂಲು ಮಕ್ಕಳಿರುವ ಮನೆಯವರು ಧೈರ್ಯವಾಗಿ ತಗೊಳ್ಳಿ. ರೋಗದ ಹೆಸರು ಖಚಿತವಾಗಿ ಬೇಕು ಅನ್ನುವವರಿಗೆ ಇದು ಸಾಲದು, ದುಂಡಾಣುವಿಗೂ ವೈರಸ್ಸಿಗೂ ಪ್ರಯೋಗಾಲಯವೇ ಬೇಕು. ಆದರೆ ಶಿಲೀಂಧ್ರವೋ, ಊಮೈಸೀಟೋ, ದುಂಡಾಣುವೋ ಅಂತ ಬೇರೆ ಮಾಡಿಕೊಳ್ಳಲು ಬಹಳ ಸಲ ಇಷ್ಟೇ ಸಾಕಾಗುತ್ತದೆ. ತಯಾರಿಸಿದವರಿಗೆ ನಾನು ಪತ್ರ ಬರೆದು ಫೈಟಾಫ್ತೊರಾ ಇರುವ ನಾಲ್ಕು ಸಾಲು, 18ನೇ ಸ್ಲೈಡಿನ ಚೀಟಿ ತಿದ್ದಲು ಕೇಳಿದ್ದೇನೆ. ಅಲ್ಲಿಯವರೆಗೆ ನಿಮ್ಮ ಪುಸ್ತಕದಲ್ಲಿ ನೀವೇ ಪೆನ್ನಿನಲ್ಲಿ ತಿದ್ದಿಕೊಳ್ಳಿ.

ಇನ್ನೊಂದು. ಮಳೆಗಾಲದಲ್ಲಿ ಇದನ್ನು ಪೆಟ್ಟಿಗೆಯಲ್ಲಿ ಹಾಗೇ ಮುಚ್ಚಿಡಬೇಡಿ. ಲೆನ್ಸ್ ಮೇಲೂ ಶಿಲೀಂಧ್ರ ಬೆಳೆಯುತ್ತದೆ, ಒಮ್ಮೆ ಗಾಜಿನ ಲೇಪನಕ್ಕೆ ಹತ್ತಿದರೆ ಕಲೆ ಹೋಗುವುದಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿಡಿ, ಬಳಸಿದ ಮೇಲೆ ಲೆನ್ಸನ್ನು ಲೆನ್ಸ್ ಕಾಗದದಲ್ಲೇ ಒರೆಸಿ, ಬಟ್ಟೆ ಬೇಡ.